ನಾಲ್ಕನೆಯ ಪೀಪಾಯಿ

ನನ್ನ ಸೊಸೆ ಬಿಯರ್ ಮಾಡುತ್ತಾಳೆ. ಈ ಮಾತನ್ನು ಇಷ್ಟು ಸರಾಗವಾಗಿ ಹೇಳುವುದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು.

ಮದುವೆಯ ಮಾತುಕತೆಯಾಗುವಾಗ ಮಗ ಹೇಳಿದ್ದು ಬೇರೆ. "ಹುಡುಗಿ ಕಲ್ಯಾಣದವಳು, ಮೈಕ್ರೋಬಯಾಲಜಿ ಓದಿದ್ದಾಳೆ, ನವಿ ಮುಂಬಯಿಯಲ್ಲಿ ಫುಡ್ ಲೈನ್‌ನಲ್ಲಿ ಇದ್ದಾಳೆ" ಎಂದಿದ್ದ. ನಾವೂ ಫುಡ್ ಲೈನಿನವರೇ. ನಮ್ಮವರೂ ಅವರ ತಮ್ಮನೂ ಸೇರಿ ಠಾಣೆ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತ ಮೂವತ್ತು ವರ್ಷದ ಮೇಲಾಯಿತು. ಮರಾಠಿ ಹುಡುಗಿಯಾದರೇನು, ಅನ್ನದ ಕೆಲಸ ಮಾಡುವವಳು ಎಂದು ನಮಗೆ ಸಮಾಧಾನವಾಗಿತ್ತು. ಅವಳು ಡೊಂಬಿವಲಿಯ ನಮ್ಮ ಮನೆಗೆ ಮೊದಲ ಸಲ ಬಂದ ದಿನ ಮಗ ಕೆಳಗೆ ಹಾಲು ತರಲು ಹೋಗಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ನೇರವಾಗಿ ಹೇಳಿಬಿಟ್ಟಳು.

"ಆಯಿ, ಅವನು ಫುಡ್ ಅಂತ ಹೇಳಿದ್ದಾನೆ ನಾ? ಫುಡ್ ಅಲ್ಲ. ನಾನು ಬಿಯರ್ ಮಾಡ್ತೇನೆ. ನಿನಗೆ ಚಾಲೇಲ್ ಕಾ, ನಡೀತದಾ?"

ಕನ್ನಡ ಅವಳಿಗೆ ಮಗನಿಂದ ಬಂದದ್ದು. ಅವನು ನನ್ನನ್ನು 'ನೀನು' ಎನ್ನುತ್ತಾನೆ, ಹಾಗಾಗಿ ಅವಳಿಗೂ ನಾನು ಮೊದಲ ದಿನದಿಂದಲೇ 'ನೀನು'. ಅತ್ತೆಯನ್ನು ಏಕವಚನದಲ್ಲಿ ಕರೆಯುವ ಸೊಸೆಯನ್ನು ಕಂಡು ನಮ್ಮ ನೆಂಟರು ಹುಬ್ಬೇರಿಸಿದ್ದುಂಟು. ನನಗೆ ಅದು ಇಷ್ಟವಾಯಿತು, ತಿದ್ದಲಿಲ್ಲ.

"ಮಾಡುವುದು ಮಾತ್ರವಾ, ಕುಡಿಯುವುದೂ ಉಂಟಾ?" ಎಂದು ಕೇಳಿದೆ.

"ರುಚಿ ನೋಡದೆ ಹೇಗೆ ಮಾಡುವುದು ಆಯಿ? ನೀನು ಸಾರು ಮಾಡಿದಾಗ ರುಚಿ ನೋಡುವುದಿಲ್ಲವಾ?"

ನೋಡುವುದಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯನ್ನು ಬಾಯಿಗೆ ಇಡುವ ಪದ್ಧತಿ ನನ್ನ ತವರಲ್ಲಿ ಇರಲಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ, ಬೆಲ್ಲ ಸಾಕೋ ಬೇಕೋ, ಎಲ್ಲವನ್ನೂ ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಮೂಗಿನಿಂದಲೇ ತಿಳಿಯಬೇಕು. ಅಮ್ಮ ಹಾಗೆಯೇ ಕಲಿಸಿದ್ದಳು. ಇದನ್ನು ಹೇಳಿದಾಗ ಆ ಹುಡುಗಿ ಕಣ್ಣರಳಿಸಿ, "ಮೂಗಿನಿಂದ ಉಪ್ಪು? ಖರಂಚ, ನಿಜವಾ?" ಎಂದು ಎರಡು ಸಲ ಕೇಳಿದಳು. ನನ್ನ ಮೇಲೆ ಅವಳಿಗೂ ಅವಳ ಮೇಲೆ ನನಗೂ ಗೌರವ ಹುಟ್ಟಿದ್ದು ಆ ಮಧ್ಯಾಹ್ನವೇ ಇರಬೇಕು. ನೆಂಟರಿಷ್ಟರಲ್ಲಿ ಮಾತ್ರ ನಾನು 'ಫುಡ್ ಲೈನ್' ಎಂದೇ ಹೇಳಿಕೊಂಡು ಬಂದೆ.

ಆ ಮೂಗೇ ನನ್ನ ಕಸುಬಾಗಿತ್ತು. ಹೋಟೆಲಿನ ಸಾರಿನ ಪುಡಿ, ಸಾಂಬಾರ್ ಪುಡಿ ಎರಡೂ ನಮ್ಮ ಮನೆಯಿಂದಲೇ ಹೋಗುತ್ತಿದ್ದವು. ಮದುವೆಯಾಗಿ ಡೊಂಬಿವಲಿಗೆ ಬಂದ ಎರಡನೆಯ ವರ್ಷದಿಂದ ಪ್ರತಿ ಬುಧವಾರ ಬೆಳಿಗ್ಗೆ ದೊಡ್ಡ ಬಾಣಲೆ ಇಟ್ಟು ಕೊತ್ತಂಬರಿ, ಜೀರಿಗೆ, ಮೆಂತ್ಯ, ಬ್ಯಾಡಗಿ ಮೆಣಸು ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯುತ್ತಿದ್ದೆ. ಮೆಂತ್ಯಕ್ಕೆ ಒಂದು ಗಳಿಗೆ ಉಂಟು. ಅದಕ್ಕೆ ಮೊದಲು ಇಳಿಸಿದರೆ ಹಸಿ, ಆಮೇಲೆ ಇಳಿಸಿದರೆ ಕಹಿ. ಬಣ್ಣ ನೋಡಿದರೆ ಅದು ತಿಳಿಯುವುದಿಲ್ಲ, ವಾಸನೆ ತಿರುಗಿದ ಕೂಡಲೇ ಒಲೆ ಆರಿಸಬೇಕು. ಬುಧವಾರ ನಮ್ಮ ಮಹಡಿಯವರೆಲ್ಲ ಬಾಗಿಲು ತೆರೆದಿಡುತ್ತಿದ್ದರು. ಎದುರು ಮನೆಯ ಮರಾಠಿ ಅಜ್ಜಿ, "ಆಜ್ ಬುಧವಾರ್ ನಾ, ಘಡ್ಯಾಳ್ ನಕೋ" ಎನ್ನುತ್ತಿದ್ದಳು. ಗಡಿಯಾರ ಬೇಡ, ನಿನ್ನ ಒಲೆಯೇ ಸಾಕು ಎಂದು.

ಕೊರೊನಾದ ಎರಡನೆಯ ಅಲೆ ಬಂದ ಬೇಸಿಗೆಯಲ್ಲಿ ನಮ್ಮ ನಾಲ್ವರಿಗೂ ಜ್ವರ ಬಂತು. ಎಲ್ಲರಿಗೂ ವಾಸನೆ ಹೋಯಿತು. ಹದಿನೈದು ದಿನಗಳಲ್ಲಿ ಮಗನಿಗೆ ಬಂತು, ಇಪ್ಪತ್ತು ದಿನಗಳಲ್ಲಿ ಸೊಸೆಗೆ ಬಂತು, ನಮ್ಮವರಿಗೆ ಯಾವಾಗ ಬಂತೆಂದು ಅವರಿಗೇ ಗೊತ್ತಾಗಲಿಲ್ಲ. "ನಿನಗೆ?" ಎಂದು ಕೇಳಿದಾಗ "ಬಂತು" ಎಂದೆ. ನಾಳೆ ಬರುತ್ತದೆ, ಸುಮ್ಮನೆ ಯಾಕೆ ಹೆದರಿಸುವುದು ಎಂದುಕೊಂಡು ಹೇಳಿದ ಸುಳ್ಳು. ನಾಳೆ ಬರಲಿಲ್ಲ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಆಗಲಿಲ್ಲ.

ವಾಸನೆ ಇಲ್ಲದ ಮನೆ ಹೇಗಿರುತ್ತದೆಂದು ಹೇಳುವುದು ಕಷ್ಟ. ಗಂಡ, ಮಗ, ಸೊಸೆ ಎಲ್ಲರೂ ಇದ್ದೂ ಗಾಜಿನ ಆಚೆ ಇದ್ದ ಹಾಗೆ. ಮಗನ ಅಂಗಿ ಒಗೆಯಲು ಹಾಕುವಾಗ ಅದು ಅವನದ್ದೇ ಎಂದು ಅಳತೆ ನೋಡಿ ತಿಳಿಯಬೇಕಾಗಿತ್ತು. ಸಂಜೆ ಹೊತ್ತು ಕಾರ್ಖಾನೆಗಳ ಕಡೆಯಿಂದ ಕೆಮಿಕಲ್ ಗಾಳಿ ಬಂದರೆ ಪಕ್ಕದವರು ಕಿಟಕಿ ಮುಚ್ಚುವ ಸದ್ದು ಕೇಳಿ ನಾನೂ ಮುಚ್ಚುತ್ತಿದ್ದೆ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಖಾರ ತಿಳಿಯುತ್ತಿತ್ತು. ಆದರೆ ಮಾವಿನಹಣ್ಣಿಗೂ ಬೆಲ್ಲದ ನೀರಿಗೂ ವ್ಯತ್ಯಾಸ ಇರಲಿಲ್ಲ.

ಬುಧವಾರಗಳನ್ನು ನಿಲ್ಲಿಸಲಿಲ್ಲ. ಕೈಗೆ ಅಭ್ಯಾಸವಿದೆ, ಗಡಿಯಾರ ನೋಡಿಕೊಂಡು ಹುರಿದರಾಯಿತು ಎಂದುಕೊಂಡೆ. ಕೆಲವು ತಿಂಗಳು ಹೇಗೋ ನಡೆಯಿತು. ಒಂದು ವಾರ ಮೆಂತ್ಯ ಸೀದಿದೆ, ನನಗೆ ತಿಳಿಯಲಿಲ್ಲ. ಆ ಪುಡಿ ಹೋಟೆಲಿಗೆ ಹೋಯಿತು. ಇಪ್ಪತ್ತು ವರ್ಷದಿಂದ ಬೆಳಗಿನ ಇಡ್ಲಿಗೆ ಬರುತ್ತಿದ್ದ ಗಿರಾಕಿಗಳು ಸಾಂಬಾರಿನ ಬಟ್ಟಲನ್ನು ಹಾಗೆಯೇ ಬಿಟ್ಟು ಎದ್ದರಂತೆ. ನಮ್ಮವರು ಮನೆಗೆ ಬಂದು ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಊಟ ಮಾಡುತ್ತ, ತಟ್ಟೆಯಿಂದ ತಲೆ ಎತ್ತದೆ, "ಈ ಸಲ ಮೆಂತ್ಯ ಒಂಚೂರು ಜಾಸ್ತಿ ಹುರಿದಿತ್ತಾ ಅಂತ" ಎಂದರು.

"ಇಲ್ಲವಲ್ಲ" ಎಂದೆ.

"ಹಾಗಾದ್ರೆ ಮೆಂತ್ಯವೇ ಹಾಗಿತ್ತೋ ಏನೋ" ಎಂದು ಮಜ್ಜಿಗೆ ಹಾಕಿಸಿಕೊಂಡರು.

ಸಿಕ್ಕಿಬಿದ್ದದ್ದು ಸೊಸೆಯ ಕೈಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅವಳ ತಟ್ಟೆಗೆ ದೋಸೆ, ಚಟ್ನಿ ಹಾಕಿದೆ. ಅವಳು ತುತ್ತನ್ನು ಬಾಯಿಯ ಹತ್ತಿರ ತೆಗೆದುಕೊಂಡು ಹೋಗಿ ಕೆಳಗಿಟ್ಟಳು. ಎದ್ದು ಬಂದು, ಬಟ್ಟಲಲ್ಲಿದ್ದ ಚಟ್ನಿಯನ್ನೆಲ್ಲ ಸಿಂಕಿಗೆ ಸುರಿದಳು. ಹಿಂದಿನ ದಿನದ್ದು, ಹಳಸಿತ್ತು. ನಾನು ನಿಂತಲ್ಲೇ ನಿಂತಿದ್ದೆ. ಅವಳು ನನ್ನ ಕಣ್ಣುಗಳನ್ನು ಒಂದು ಕೈಯಿಂದ ಮುಚ್ಚಿ, ಮೂಗಿನ ಕೆಳಗೆ ಏನನ್ನೋ ಹಿಡಿದಳು.

"ಇದು ಏನು ಹೇಳು."

ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತ್ತು. ಅಂದಾಜಿನ ಮೇಲೆ "ಜೀರಿಗೆ" ಎಂದೆ.

ಅವಳು ಕೈ ತೆಗೆದಳು. ಮುಂದಿದ್ದದ್ದು ಇಂಗು. ಗಟ್ಟಿ ಇಂಗು, ಮುಚ್ಚಿಟ್ಟರೂ ಪಕ್ಕದ ಕೋಣೆಗೆ ತಿಳಿಯುವಂಥದ್ದು.

"ಎಷ್ಟು ದಿವಸದಿಂದ, ಆಯಿ?"

"ಜ್ವರ ಬಂದಾಗಿನಿಂದ."

ಅವಳು ಲೆಕ್ಕ ಹಾಕಿದಳೋ ಏನೋ, ನನ್ನನ್ನು ತಬ್ಬಿಕೊಂಡಳು. ನನಗೆ ಅಳು ಬಂದದ್ದು ಆಗ. ಅಷ್ಟು ತಿಂಗಳು ಅತ್ತಿರಲಿಲ್ಲ.

ಸಂಜೆ ಅವಳೇ ಮಾವನಿಗೆ ಹೇಳಿದಳು. ಅವರು ಚಪ್ಪಲಿ ಕಳಚುತ್ತಿದ್ದವರು ಹಾಗೆಯೇ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. "ನನಗೆ ಹೇಳಬಾರದಿತ್ತಾ ಮಾರಾಯ್ತಿ? ನಾನು ಎಷ್ಟು ಸಲ ಸಾರಿಗೆ ಮೇಲಿಂದ ಉಪ್ಪು ಹಾಕ್ಕೊಂಡೆ, ನೀನು ನೋಡಿ ಬೇಜಾರು ಮಾಡಿಕೊಂಡಿದ್ದೀಯೋ ಏನೋ" ಎಂದರು. ಅವರು ಉಪ್ಪು ಹಾಕಿಕೊಂಡದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಾನು ಒಳಗೆ ಹೋಗುವುದನ್ನು ಕಾಯುತ್ತಿದ್ದರಂತೆ.

ಮರುವಾರದಿಂದ ಹೋಟೆಲಿಗೆ ಊರಿನಿಂದ ರೆಡಿ ಪುಡಿ ತರಿಸತೊಡಗಿದರು. ಮೂಗಿನ ಡಾಕ್ಟರು ನೋಡಿ, ಬರಬಹುದು, ಬಾರದೆಯೂ ಇರಬಹುದು ಎಂದರು. ಬುಧವಾರ ಬೆಳಿಗ್ಗೆ ಮಾಡಲು ಕೆಲಸವಿಲ್ಲದೆ ನಾನು ಬಾಣಲೆಯನ್ನೇ ತಿಕ್ಕುತ್ತ ಕೂರುತ್ತಿದ್ದೆ.

ಸೊಸೆ ಬಿಡುವವಳಲ್ಲ. ನಾಲ್ಕು ಸಣ್ಣ ಬಾಟಲಿ ತಂದಳು. ಒಂದರಲ್ಲಿ ಲವಂಗ, ಒಂದರಲ್ಲಿ ನಿಂಬೆ ಸಿಪ್ಪೆ, ಒಂದರಲ್ಲಿ ಗುಲಾಬಿ, ಒಂದರಲ್ಲಿ ನೀಲಗಿರಿ ಎಣ್ಣೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು, ಸಂಜೆ ಬಂದ ಮೇಲೆ, ಎದುರು ಕೂತು ಒಂದೊಂದನ್ನೇ ಮೂಸಿಸುತ್ತಿದ್ದಳು. "ಸುಮ್ಮನೆ ಅಲ್ಲ ಆಯಿ, ಲವಂಗ ಹೇಗಿತ್ತು ಅಂತ ನೆನಪು ಮಾಡು, ಆಮೇಲೆ ಮೂಸು." ಅವಳ ಬ್ರೂವರಿಯಲ್ಲಿ ಹೊಸಬರಿಗೆ ಮೂಗು ಪಳಗಿಸುವುದು ಹೀಗೆಯೇ ಅಂತೆ. ವರ್ಷದ ಮೇಲಾಯಿತು. ಲವಂಗ ತಣ್ಣಗಿನ ಗಾಳಿ, ನಿಂಬೆ ತಣ್ಣಗಿನ ಗಾಳಿ, ಅಷ್ಟೆ. ನಾನು ಸಾಕು ಎಂದರೂ ಅವಳು ಫೋನಿನ ಅಲಾರಂ ತೆಗೆಯಲಿಲ್ಲ. ಮೂಸುವ ಐದು ನಿಮಿಷ ಮುಗಿದ ಮೇಲೆ ಅವಳು ತನ್ನ ಪೀಪಾಯಿಗಳ ಕತೆ ಹೇಳುತ್ತಿದ್ದಳು. ಆ ಕತೆಗಾಗಿಯೇ ನಾನು ಕೂರುತ್ತಿದ್ದೆ ಎಂದು ಈಗ ಅನಿಸುತ್ತದೆ.

ನಾಸಿಕ ಕಡೆಯ ವೈನ್ ಕಾರ್ಖಾನೆಗಳು ಕೆಂಪು ವೈನ್ ಇಟ್ಟು ಹಳತಾದ ಮರದ ಪೀಪಾಯಿಗಳನ್ನು ತೆಗೆದುಹಾಕುತ್ತವೆ. ಅವಳು ತನ್ನ ಬ್ರೂವರಿಯ ಮಾಲೀಕರನ್ನು ಕಾಡಿಸಿ ಹನ್ನೆರಡು ಪೀಪಾಯಿ ತರಿಸಿದ್ದಳು. ಅವುಗಳಲ್ಲಿ ಕಪ್ಪು ಬಿಯರು ತುಂಬಿ, ತಂಪು ಕೋಣೆಯಲ್ಲಿ ಮಲಗಿಸಿ, ಕಾಯುವುದು. ಮರದೊಳಗೆ ಉಳಿದ ವೈನು, ಮರದಲ್ಲಿ ಮನೆ ಮಾಡಿದ ಸೂಕ್ಷ್ಮ ಜೀವಿಗಳು, ಅವಳು ಬಿಟ್ಟ ಕೆಲವು ಜೀವಿಗಳು, ಎಲ್ಲ ಸೇರಿ ಅದನ್ನು ನಿಧಾನವಾಗಿ ಹುಳಿ ಮಾಡುತ್ತವೆ.

"ಇಡ್ಲಿ ಹಿಟ್ಟು ಒಂದು ರಾತ್ರಿಗೆ ಹುಳಿ ಬರ್ತದೆ. ನಿನ್ನದು?" ಎಂದು ಕೇಳಿದ್ದೆ.

"ಒಂದೂವರೆ ವರ್ಷ."

"ಅಷ್ಟು ದಿವಸ ಮುಟ್ಟದೆ ಇರುವುದಾ? ನನ್ನ ಕೈಯಲ್ಲಂತೂ ಆಗದು."

"ನನ್ನ ಕೈಯಲ್ಲೂ ಆಗ್ತಾ ಇಲ್ಲ ಆಯಿ" ಎಂದು ನಕ್ಕಳು. ಒಂದೊಂದು ಪೀಪಾಯಿ ಒಂದೊಂದು ದಾರಿ ಹಿಡಿಯುತ್ತದೆ, ಕೆಲವು ಕೆಟ್ಟೇ ಹೋಗುತ್ತವೆ, ಒಳಗೆ ಏನಾಗುತ್ತಿದೆ ಎಂದು ಅವಳಿಗೂ ಪೂರ್ತಿ ಗೊತ್ತಿಲ್ಲ. ಆ ಹನ್ನೆರಡರಲ್ಲಿ ಎಂಟು ಕೆಟ್ಟವು. ಪ್ರತಿ ಪೀಪಾಯಿ ಕೆಟ್ಟ ದಿನ ಅವಳು ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಮಾಲೀಕರು ಮುಖ ಗಂಟು ಹಾಕಿಕೊಂಡಿದ್ದಾರೆ ಎಂದು ಮಗನಿಂದ ತಿಳಿಯಿತು. ಉಳಿದದ್ದು ನಾಲ್ಕು. ಅವುಗಳನ್ನು ಯಾವ ಪಾಲಿನಲ್ಲಿ ಬೆರೆಸುವುದು ಎಂದು ತೀರ್ಮಾನಿಸುವ ಭಾನುವಾರ ಬಂತು.

ಹಿಂದಿನ ದಿನ ಅವಳು ನನ್ನ ಹತ್ತಿರ ಬಂದು ಕೂತಳು. "ಆಯಿ, ನಾಳೆ ನೀನು ಬರಬೇಕು. ನಿನ್ನ ನಾಲಿಗೆ ಬೇಕು."

"ನನ್ನದಾ? ನಿನಗೆ ತಲೆ ಸರಿ ಉಂಟಾ?"

"ಕೇಳು. ಅಲ್ಲಿ ಎಲ್ಲರೂ ಮೂಸಿದ ಕೂಡಲೇ ಮರುಳಾಗ್ತಾರೆ. ಚೆರ್ರಿ, ಚಾಕೊಲೇಟ್, ವೈನ್ ಅಂತ ಶುರು ಮಾಡ್ತಾರೆ. ಹುಳಿ ಎಷ್ಟು, ಅದು ಯಾವ ಹುಳಿ, ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ನಿನಗೆ ಮೂಗು ಮೋಸ ಮಾಡುವುದಿಲ್ಲ. ನುಂಗಬೇಡ. ನಾಲಿಗೆಗೆ ಹಾಕಿ ಉಗುಳು."

ಮೊದಲು ಮನಸ್ಸಿಗೆ ನೋವಾಯಿತು. ನನ್ನ ಕೊರತೆಯನ್ನೇ ಕೆಲಸಕ್ಕೆ ಕರೆಯುತ್ತಿದ್ದಾಳಲ್ಲ ಎಂದು. ಆದರೆ ಕೆಲಸ ಎಂಬ ಮಾತು ಕೇಳಿ ಬಹಳ ದಿನವಾಗಿತ್ತು. ಒಪ್ಪಿದೆ.

ನಮ್ಮವರು, "ನೀನು ಹೋಗುವುದಾದ್ರೆ ನಾನೂ ಬರ್ತೇನೆ. ಒಳಗೆ ಬರುವುದಿಲ್ಲ, ಹೊರಗೆ ಕೂತ್ಕೊಳ್ತೇನೆ" ಎಂದರು. ಸೊಸೆ ಬೆಳಿಗ್ಗೆ ಬೇಗ ಹೋಗಿದ್ದಳು, ಮಗ ಅವಳನ್ನು ಬಿಡಲು ಹೋದವನು ಅಲ್ಲೇ ಉಳಿದಿದ್ದ. ನಾವಿಬ್ಬರು ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ನವಿ ಮುಂಬಯಿಯ ಗಾಡಿ ಹಿಡಿದೆವು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಅವರ ತೊಡೆಯ ಮೇಲೆ ಮೊಸರನ್ನದ ಡಬ್ಬಿ. "ಅಲ್ಲಿ ಎಂತ ಸಿಕ್ತದೋ ಎಂತದೋ" ಎಂದು ಅವರೇ ಕಲಸಿಕೊಂಡು ತಂದಿದ್ದರು.

ಸ್ಟೇಷನ್ನಿನಿಂದ ರಿಕ್ಷಾ ಮಾಡಿಕೊಂಡು ಹೋದರೆ, ಕಾರ್ಖಾನೆಗಳ ನಡುವೆ ಒಂದು ತಗಡಿನ ಶೆಡ್ಡು. ಹೊರಗೆ ಬಿಸಿಲು ಸುಡುತ್ತಿತ್ತು. ಹೊರಗೆ ಕೂರುತ್ತೇನೆ ಎಂದವರು ಎರಡು ನಿಮಿಷ ನಿಂತು ನನ್ನ ಹಿಂದೆಯೇ ಒಳಗೆ ಬಂದರು. ಬಂದ ಕೂಡಲೇ ಮೂಗೆಳೆದು, "ಹಿಟ್ಟು ಉಕ್ಕಿ ಚೆಲ್ಲಿದ ಹಾಗೆ ವಾಸನೆ ಮಾರಾಯ್ತಿ. ನಮ್ಮ ಹೋಟೆಲಿನ ಹಿಂದಿನ ಕೋಣೆ ಹಾಗೆಯೇ" ಎಂದರು. ಅವರ ಮುಖದಲ್ಲಿದ್ದ ಬಿಗಿತ ಅಲ್ಲಿಗೆ ಸಡಿಲಿತು.

ಪೈಪಿನಲ್ಲಿ ನೆಲ ತೊಳೆಯುತ್ತಿದ್ದವನೊಬ್ಬ ಕನ್ನಡ ಕೇಳಿ ತಿರುಗಿದ. ನಲವತ್ತು ದಾಟಿದ ಗಟ್ಟಿ ಆಳು, ಮೊಣಕಾಲಿನವರೆಗೆ ರಬ್ಬರ್ ಬೂಟು. "ಅಕ್ಕಾರ, ಮೇಡಂ ಅವರ ಅತ್ತಿ ಏನ್ರಿ ನೀವು? ನಾವು ಕಲಬುರ್ಗಿ ಕಡ್ಯಾವ್ರರಿ. ಈ ಪೀಪಾಯಿ ಎತ್ತೂದು, ತೊಳೆಯೂದು ಎಲ್ಲಾ ನಂದ ಕೆಲಸ" ಎಂದು ಕೈ ಒರೆಸಿಕೊಂಡು ನಮಸ್ಕಾರ ಮಾಡಿದ. ಸೊಸೆಯ ಬಗ್ಗೆ ನಾನು ಕೇಳದೆಯೇ, "ಭಾಳ ಛಲೋ ಮನಶ್ಯಾಳರಿ. ಪೀಪಾಯಿ ಕೆಟ್ರ ಅಳ್ತಾಳ" ಎಂದ.

ತಂಪು ಕೋಣೆಯಲ್ಲಿ ನಾಲ್ಕು ಪೀಪಾಯಿಗಳು ಮಲಗಿದ್ದವು. ಮಾಲೀಕರೂ ಅವರ ಇಬ್ಬರು ಸ್ನೇಹಿತರೂ ಗ್ಲಾಸು ಹಿಡಿದು ನಿಂತಿದ್ದರು. ಮಾಲೀಕರು "ನಮಸ್ತೇ ಕಾಕೂ" ಎಂದು ಕುರ್ಚಿ ತರಿಸಿದರು. ಅವರಿಗೆ ಇದು ಸೊಸೆಯ ಹುಚ್ಚಾಟ ಅನಿಸಿರಬೇಕು, ಆದರೆ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಉಗುಳುವುದಕ್ಕೆ ನನ್ನ ಪಕ್ಕ ಒಂದು ಸ್ಟೀಲಿನ ಚೊಂಬು.

ಪೀಪಾಯಿಯ ಮುಖದಲ್ಲಿ ಒಂದು ಸಣ್ಣ ಸ್ಟೀಲಿನ ಮೊಳೆ ಹೊಡೆದಿರುತ್ತದೆ. ಸೊಸೆ ಇಕ್ಕಳದಿಂದ ಅದನ್ನು ಎಳೆದಳು. ನೂಲಿನಷ್ಟು ತೆಳ್ಳಗೆ ಕಪ್ಪು ಧಾರೆ ಗ್ಲಾಸಿಗೆ ಬಿತ್ತು. ಎರಡು ಗುಟುಕಿನಷ್ಟು ತುಂಬಿದ ಮೇಲೆ ಮೊಳೆಯನ್ನು ಮತ್ತೆ ಒತ್ತಿದಳು. ಗ್ಲಾಸಿನಲ್ಲಿ ಡಿಕಾಕ್ಷನ್ನಿನಂತೆ ಕಂಡದ್ದು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಕೆಂಪಾಯಿತು, ಪುನರ್ಪುಳಿ ಹಣ್ಣು ನೆನೆಸಿದ ನೀರಿನ ಹಾಗೆ.

ಮೊದಲನೆಯದನ್ನು ಬಾಯಿಗೆ ಹಾಕಿಕೊಳ್ಳುವಾಗ ಅಮ್ಮನ ಮುಖ ಕಣ್ಣ ಮುಂದೆ ಬಂತು. ಹುಳಿ ಹಲ್ಲಿಗೆ ಹೊಡೆಯಿತು. ಉಗುಳಿದೆ.

"ಬಿಂಬುಳಿ" ಎಂದೆ. "ಹಸಿ ಬಿಂಬುಳಿ ಕಾಯಿ ಕಚ್ಚಿದ ಹಾಗೆ. ಹಲ್ಲು ಜುಮ್ಮೆನ್ನುತ್ತದೆ. ನಾಲಿಗೆಯ ಬದಿಯಲ್ಲಿ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ."

ಸೊಸೆ ಬರೆದುಕೊಂಡಳು. ಮಗ ಮರಾಠಿಯಲ್ಲಿ ಮಾಲೀಕರಿಗೆ ಹೇಳಿದ. ಎರಡನೆಯದು ಬೇರೆಯೇ. "ಇದು ಹಳೆ ಹುಣಸೆಹುಳಿ. ದುಂಡಗಿದೆ. ಹಿಂದೆ ಸ್ವಲ್ಪ ಬೆಲ್ಲ ಹಾಕಿದ ಹಾಗೆ." ಮೂರನೆಯದನ್ನು ಎಲ್ಲರೂ ಮೂಸಿಯೇ ತಲೆದೂಗಿದರು. ಮಾಲೀಕರ ಸ್ನೇಹಿತರೊಬ್ಬರು ಕಣ್ಣು ಮುಚ್ಚಿ "ವಾಹ್" ಎಂದರು. ನನ್ನ ಗಂಟಲು ಉರಿಯಿತು, ಕೆಮ್ಮು ಬಂತು.

"ಇದು ಕೆಡ್ತಾ ಉಂಟು. ಇದು ಹುಳಿಯಲ್ಲ, ಉರಿ. ಬೇಡ."

ಮಾಲೀಕರು ನಕ್ಕು, "ಕಾಕೂ, ಇದೇ ಎಲ್ಲಕ್ಕಿಂತ ಪರಿಮಳದ್ದು" ಎಂದರು. ಸೊಸೆ ನಗಲಿಲ್ಲ. ಮೂರನೆಯ ಗ್ಲಾಸನ್ನು ಮತ್ತೊಮ್ಮೆ ಬಾಯಿಗೆ ಹಾಕಿ, ಮೂಗನ್ನು ಬೆರಳಿನಿಂದ ಹಿಡಿದುಕೊಂಡು ನುಂಗಿದಳು. ಆಮೇಲೆ ತನ್ನ ಪುಸ್ತಕದಲ್ಲಿ ಮೂರನ್ನು ಹೊಡೆದುಹಾಕಿದಳು.

ನಾಲ್ಕನೆಯ ಪೀಪಾಯಿಯ ಮೊಳೆ ಬಿಗಿಯಾಗಿತ್ತು, ಕಲಬುರ್ಗಿಯವನು ಬಂದು ಎಳೆದುಕೊಟ್ಟ. ಗುಟುಕು ಹಾಕಿಕೊಂಡೆ. ಹುಳಿ ಮೆತ್ತಗಿತ್ತು, ಅವಸರವಿಲ್ಲದೆ ನಾಲಿಗೆಯ ಮೇಲೆ ಹರಡಿತು. ಉಗುಳಲು ಚೊಂಬಿನ ಕಡೆ ಬಗ್ಗಿದೆ. ಅಷ್ಟರಲ್ಲಿ ಗಂಟಲಿನ ಹಿಂದಿನಿಂದ ಏನೋ ಮೇಲಕ್ಕೆ ಬಂತು. ಗಾಳಿಯಲ್ಲ. ಬೆಚ್ಚಗಿನದು, ಒದ್ದೆಯಾದದ್ದು. ನಾನು ನುಂಗಿಬಿಟ್ಟೆ.

"ಕಿದೆ" ಎಂದೆ, ನಮ್ಮ ಊರಿನ ತುಳುವಿನಲ್ಲಿ, ನಮ್ಮವರ ಕಡೆ ತಿರುಗಿ.

"ಎಂತ?"

"ಹಟ್ಟಿ. ಹಟ್ಟಿಯ ವಾಸನೆ. ಬೆಳಿಗ್ಗೆ ಹಾಲು ಕರೆಯಲಿಕ್ಕೆ ಹೋಗುವಾಗ ಬರುವುದು. ಒದ್ದೆ ಹುಲ್ಲು, ದನದ ಮೈ."

ಮಗ ಅದನ್ನು ಮರಾಠಿಯಲ್ಲಿ ಹೇಳಲೋ ಬೇಡವೋ ಎಂದು ನಿಂತ. ಒಂದೂವರೆ ವರ್ಷ ಕಾದ ಬಿಯರನ್ನು ಅತ್ತೆ ದನದ ಕೊಟ್ಟಿಗೆ ಎಂದಳೆಂದು ಮಾಲೀಕರ ಎದುರು ಹೇಗೆ ಹೇಳುವುದು? ನಮ್ಮವರು ಗ್ಲಾಸನ್ನು ದೂರದಿಂದಲೇ ಮೂಸಿ ನೋಡಿದರು. ಮತ್ತೆ ಹತ್ತಿರ ತಂದು ಮೂಸಿದರು.

"ಹೌದು ಮಾರಾಯ್ತಿ, ಹಟ್ಟಿಯದ್ದೇ" ಎಂದರು, ಮೆಲ್ಲನೆ.

ಹಿಂದಿನಿಂದ ಕಲಬುರ್ಗಿಯವನ ನಗು. "ನಾ ಹೇಳಿದ್ನಲ್ರಿ ಮೇಡಂ! ಇವರೆಲ್ಲಾ ಚೆರ್ರಿ ಚೆರ್ರಿ ಅಂತಿದ್ರು. ನನಗ ಮೊದಲಿಂದನೂ ಎಮ್ಮಿ ಕೊಟಗಿ ವಾಸನಿನ ಬರ್ತಿತ್ತು. ಅಂದ್ರ ನಗ್ತಾರ ಅಂತ ಸುಮ್ಮಕ ಇದ್ದೆ."

ಸೊಸೆ ಇಕ್ಕಳ ಕೆಳಗಿಟ್ಟು ನನ್ನ ಎದುರು ಮೊಣಕಾಲೂರಿದಳು. "ಆಯಿ, ತುಲಾ ವಾಸ್ ಆಲಾ? ಖರಂ ಹೇಳು, ವಾಸನೆ ಬಂತಾ?"

"ಬಂತು" ಎಂದೆ. ಹಿಂದೆ ಇದೇ ಮಾತನ್ನು ಸುಳ್ಳಾಗಿ ಹೇಳಿದ್ದೆ. ಈ ಸಲ ಅದು ನಿಜ. ಅವಳು ಅಳುತ್ತ ನಗುತ್ತ ಮಾಲೀಕರಿಗೆ ಏನೇನೋ ವಿವರಿಸಿದಳು. ಮರದಲ್ಲಿ ಇರುವ ಒಂದು ಜಾತಿಯ ಜೀವಿಯಿಂದ ಬರುವ ವಾಸನೆಯೇ ಅದಂತೆ. ಅವಳ ಪುಸ್ತಕಗಳಲ್ಲಿ ಕುದುರೆ ಲಾಯ, ಚರ್ಮ, ಒಣಹುಲ್ಲು ಎಂದೆಲ್ಲ ಬರೆದಿದ್ದಾರಂತೆ. ಸ್ವಲ್ಪವೇ ಇದ್ದರೆ ಅದು ದೋಷವಲ್ಲ, ಈ ಬಗೆಯ ಬಿಯರಿಗೆ ಬೇಕಾದದ್ದೇ. ಮಾಲೀಕರು ಎದ್ದು ಬಂದು ನನ್ನ ಕಾಲಿಗೆ ನಮಸ್ಕರಿಸಿದರು. ನನಗೆ ನಾಚಿಕೆಯಾಯಿತು.

ಎರಡನೆಯ ಗುಟುಕಿನಲ್ಲಿ ಅದು ಅರ್ಧವಾಗಿತ್ತು. ಮೂರನೆಯದರಲ್ಲಿ ಏನೂ ಇಲ್ಲ. ಅಷ್ಟು ಹೊತ್ತಿಗೆ ನನ್ನ ಕಿವಿ ಬಿಸಿಯಾಗಿತ್ತು. ನಮ್ಮವರು ಗ್ಲಾಸನ್ನು ಕೈಯಿಂದ ತೆಗೆದುಕೊಂಡು ಮೊಸರನ್ನದ ಡಬ್ಬಿ ಕೊಟ್ಟರು.

ಮನೆಗೆ ಬಂದು ನಾಲ್ಕು ಬಾಟಲಿ ಮೂಸಿದೆ. ತಣ್ಣಗಿನ ಗಾಳಿ. ಸೊಸೆ ಹೇಳಿದ್ದಳು, ಒಂದೇ ದಿನಕ್ಕೆ ಎಲ್ಲ ಬರುವುದಿಲ್ಲ ಎಂದು. ಆದರೂ ಆ ಸಂಜೆ ಬಹಳ ನಿರಾಸೆಯಾಯಿತು. ಆಮೇಲೆ ಬಂದದ್ದು ಸೊಟ್ಟಪಟ್ಟವಾಗಿ. ಕಾಫಿ ಸುಟ್ಟ ರಬ್ಬರಿನಂತೆ, ಈರುಳ್ಳಿ ಹೊಲಸಿನಂತೆ, ನನ್ನ ಪ್ರೀತಿಯ ಮಲ್ಲಿಗೆ ಸೀಮೆಎಣ್ಣೆಯಂತೆ. ಇದಕ್ಕಿಂತ ಏನೂ ಇಲ್ಲದಿದ್ದದ್ದೇ ವಾಸಿ ಎಂದು ಅತ್ತ ದಿನಗಳುಂಟು. ಸೊಸೆ ಮಾತ್ರ ಖುಷಿಯಾಗಿದ್ದಳು. "ತಂತಿ ತಪ್ಪು ಜಾಗಕ್ಕೆ ಜೋಡಿಸಿದೆ ಆಯಿ, ಆದರೆ ಕರೆಂಟು ಬಂದಿದೆ." ಮಳೆಗಾಲ ಮುಗಿಯುವಾಗ ಲವಂಗ ಲವಂಗವಾಯಿತು. ದೀಪಾವಳಿಗೆ ಎಳ್ಳೆಣ್ಣೆ ಬಂತು. ಒಂದು ಸಂಜೆ ತರಕಾರಿ ತಂದು ಬರುವಾಗ ರಸ್ತೆಯಲ್ಲಿ ಎಲ್ಲರೂ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ಓಡುತ್ತಿದ್ದರು. ಕಾರ್ಖಾನೆಯ ಗಾಳಿ. ನಾನು ಚೀಲ ಹಿಡಿದು ರಿಕ್ಷಾ ಸ್ಟ್ಯಾಂಡಿನಲ್ಲಿ ನಿಂತು ಉಸಿರೆಳೆದೆ. ಅದು ಒಳ್ಳೆಯದಲ್ಲವೆಂದು ಗೊತ್ತಿತ್ತು. ಆದರೂ ನಿಂತೆ.

ಮೂರನೆಯ ಪೀಪಾಯಿ ಎರಡು ತಿಂಗಳಲ್ಲಿ ಪೂರ್ತಿ ವಿನೆಗರ್ ಆಯಿತು. ಅದನ್ನು ಬೆರೆಸಿದ್ದರೆ ಎಲ್ಲವೂ ಹೋಗುತ್ತಿತ್ತು. ಆ ವಿನೆಗರನ್ನು ಸೊಸೆ ಕ್ಯಾನಿನಲ್ಲಿ ಮನೆಗೆ ತಂದಳು, ಅದರಲ್ಲಿ ಹಸಿಮೆಣಸು ಹಾಕಿ ಇಟ್ಟಿದ್ದೇವೆ.

ಅದೇ ಸಮಯಕ್ಕೆ ಠಾಣೆಯ ಹಾಲೊಂದರಲ್ಲಿ ನಮ್ಮವರ ಕಡೆಯ ಮಗುವಿನ ನಾಮಕರಣವಿತ್ತು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು, ನಮ್ಮವರ ದೊಡ್ಡಮ್ಮನ ಮಗಳು, "ನಿನ್ನ ಸೊಸೆ ಎಂತದೋ ಫುಡ್ ಕಂಪನಿಯಲ್ಲಲ್ವಾ?" ಎಂದು ಕೇಳಿದರು.

"ಇಲ್ಲ ಅಕ್ಕ. ಬಿಯರ್ ಮಾಡ್ತಾಳೆ. ನಾನೂ ರುಚಿ ನೋಡಿದ್ದೇನೆ."

ಅವರ ಕೈ ಹೋಳಿಗೆಯ ಮೇಲೆ ನಿಂತಿತು. ಎದುರು ಸಾಲಿನವರೂ ತಲೆ ಎತ್ತಿದರು. ಅಕ್ಕ ನನ್ನ ಕಡೆ ಬಾಗಿ, ಯಾರಿಗೂ ಕೇಳದ ಹಾಗೆ, "ಅದು ಕಹಿ ಅಂತೆ ಹೌದಾ?" ಎಂದರು.

"ಇದು ಹುಳಿ."

"ಹೌದಾ! ನಾನು ಇಷ್ಟು ವರ್ಷ ಕಹಿ ಅಂತಲೇ ತಿಳ್ಕೊಂಡಿದ್ದೆ" ಎಂದು ಹೋಳಿಗೆ ಮುರಿದರು.

ಬೆರೆಸಿದ ಬಿಯರು ಬಾಟಲಿಗೆ ಇಳಿದ ವಾರ ಸೊಸೆ ಮೂರು ಬಾಟಲಿ ಮನೆಗೆ ತಂದಳು. ಭಾನುವಾರ ಮಧ್ಯಾಹ್ನ, ಊಟಕ್ಕೆ ಮುಂಚೆ, ಮೇಜಿನ ಮೇಲೆ ಸಣ್ಣ ಗ್ಲಾಸುಗಳನ್ನಿಟ್ಟು ಸುರಿದಳು. ಬೆರೆಸಿದ್ದರಲ್ಲಿ ಎರಡನೆಯ ಪೀಪಾಯಿಯದು ಹೆಚ್ಚು, ನಾಲ್ಕನೆಯದು ಅದಕ್ಕಿಂತ ಸ್ವಲ್ಪ ಕಡಿಮೆ, ಮೊದಲನೆಯದು ಚೂರೇ ಚೂರು. ನಾನು ಮೂಸಿದೆ. ಮರ, ಬೆಲ್ಲದ ಪಾಕ, ಹಿಂದೆ ಎಲ್ಲೋ ದೂರದಲ್ಲಿ ಹಟ್ಟಿ. ಎರಡು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟೆ. ನನಗೆ ಅಷ್ಟು ಸಾಕು. ಅದು ಕುಡಿಯುವ ಆಸೆಯಲ್ಲ. ಅವಳು ಒಂದೂವರೆ ವರ್ಷ ಕಾದದ್ದರ ರುಚಿ ನನಗೆ ತಿಳಿಯುತ್ತದಲ್ಲ ಎಂಬ ಸಂತೋಷ.

ನಮ್ಮವರು ಇದನ್ನೆಲ್ಲ ಪೇಪರಿನ ಹಿಂದಿನಿಂದ ನೋಡುತ್ತಿದ್ದರು. ಅರವತ್ತೈದು ವರ್ಷ ಇಂಥದ್ದನ್ನು ಮುಟ್ಟದವರು. ಪೇಪರು ಮಡಚಿಟ್ಟು, "ಒಂದು ಚಮಚ ಕೊಡು, ನೋಡ್ತೇನೆ" ಎಂದರು.

ಸೊಸೆ ಓಡಿಹೋಗಿ ಚಮಚ ತಂದಳು. ಕೆಮ್ಮಿನ ಔಷಧ ಅಳೆದ ಹಾಗೆ ಅಳೆದು, ಎಡಗೈಯನ್ನು ಕೆಳಗೆ ಹಿಡಿದು, ಮಾವನ ಬಾಯಿಗೆ ಹಾಕಿದಳು. ಅವರು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಪುನರ್ಪುಳಿ ಶರಬತ್ತು ಮಾಡಿ ಫ್ರಿಜ್ಜಲ್ಲಿ ಇಡಲಿಕ್ಕೆ ಮರೆತ ಹಾಗುಂಟು" ಎಂದರು. ಸೊಸೆಯ ಮುಖ ಬಾಡಿದ್ದನ್ನು ಕಂಡು ಕೂಡಲೇ, "ಅಲ್ಲ ಮಗಾ, ಕೆಟ್ಟಿದೆ ಅಂತಲ್ಲ. ಮಾಡಿದವರಿಗೆ ಕೈ ಉಂಟು" ಎಂದರು.

"ಮತ್ತೊಂದು ಚಮಚ ಹಾಕಲಾ ಬಾಬಾ?"

"ಬೇಡ ಬೇಡ. ನೀನು ಅನ್ನ ಬಡಿಸು" ಎಂದು ಎದ್ದು ಕೈ ತೊಳೆಯಲು ಹೋದರು. ಸೊಸೆ ನಗುತ್ತ ತಟ್ಟೆ ಹಾಕಿದಳು, ನಾನು ಸಾರಿನ ಪಾತ್ರೆ ತಂದಿಟ್ಟೆ.